ಹತ್ತು ಬಾಟಲಿ ಬೇಡ, ನಾಲ್ಕು ಸಾಮಾನು ಸಾಕು

ನೆಲಕ್ಕೊಂದು, ಗಾಜಿಗೊಂದು, ಕಮೋಡಿಗೊಂದು, ಸಿಂಕಿಗೊಂದು ಎಂದು ಮನೆಯಲ್ಲಿ ಬಾಟಲಿಗಳು ಸೇರುತ್ತಲೇ ಹೋಗುತ್ತವೆ. ಆದರೆ ನಮ್ಮನ್ನು ಹೆಚ್ಚು ಕಾಡುವ ಕೊಳೆ ಎರಡೇ ಬಗೆಯದು: ಜಿಡ್ಡು ಮತ್ತು ಗಡಸು ನೀರಿನ ಬಿಳಿ ಕರೆ. ಜಿಡ್ಡನ್ನು ಕ್ಷಾರ ಬಿಡಿಸುತ್ತದೆ, ಕರೆಯನ್ನು ಆಮ್ಲ ಕರಗಿಸುತ್ತದೆ. ಸೋಪು, ವಾಶಿಂಗ್ ಸೋಡಾ, ಸಿಟ್ರಿಕ್ ಆಸಿಡ್ ಪುಡಿ ಮತ್ತು ಒಂದು ಸಣ್ಣ ಬಾಟಲಿ ಬ್ಲೀಚ್ ಇದ್ದರೆ ಮನೆಯ ಬಹುಪಾಲು ಕೆಲಸ ಆಗುತ್ತದೆ.

ಮೊದಲು ಇರುವುದನ್ನೆಲ್ಲ ಹೊರಗೆ ತೆಗೆದು ಲೇಬಲ್ ಓದಿ. ಸೋಡಿಯಂ ಹೈಪೋಕ್ಲೋರೈಟ್ ಎಂದಿದ್ದರೆ ಅದು ಬ್ಲೀಚ್, ಹೈಡ್ರೋಕ್ಲೋರಿಕ್ ಆಸಿಡ್ ಎಂದಿದ್ದರೆ ಕಮೋಡ್ ತೊಳೆಯುವ ಆಸಿಡ್. ಇವೆರಡನ್ನೂ ಒಂದೇ ಕಡೆ ಇಡಬೇಡಿ. ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅದು ಶ್ವಾಸಕೋಶಕ್ಕೇ ಪೆಟ್ಟು ಕೊಡುತ್ತದೆ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಕೂಡ ಬ್ಲೀಚ್ ಜತೆ ಸೇರಬಾರದು. ‘ನೈಸರ್ಗಿಕ’ ಎಂದು ನಂಬುವ ವಿನಿಗರ್, ಸಿಟ್ರಿಕ್ ಆಸಿಡ್‌ಗಳೂ ಆಮ್ಲಗಳೇ, ಅವುಗಳಿಗೂ ಇದೇ ನಿಯಮ. ಕಣ್ಣು, ಗಂಟಲು ಉರಿಯತೊಡಗಿದರೆ ಕೆಲಸ ಅಲ್ಲಿಗೇ ಬಿಟ್ಟು ಹೊರಗೆ ಬನ್ನಿ.

ಜಿಡ್ಡಿಗೆ 1 ಲೀಟರ್ ಬಿಸಿನೀರಿಗೆ 1 ದೊಡ್ಡ ಚಮಚ ವಾಶಿಂಗ್ ಸೋಡಾ ಕರಗಿಸಿ, ಕೈಗವಸು ಹಾಕಿಕೊಂಡು ಒರೆಸಿ, 5 ನಿಮಿಷ ಬಿಟ್ಟು ತೊಳೆಯಿರಿ. ಅಲ್ಯೂಮಿನಿಯಂ ಪಾತ್ರೆಗೆ ತಾಗಿಸಬೇಡಿ, ಕಪ್ಪಾಗುತ್ತದೆ.

ಕರೆಗೆ 1 ಲೀಟರ್ ಬೆಚ್ಚನೆಯ ನೀರಿಗೆ 30 ಗ್ರಾಂ ಸಿಟ್ರಿಕ್ ಆಸಿಡ್. ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ, 20 ನಿಮಿಷದ ನಂತರ ಉಜ್ಜಿ ತೊಳೆಯಿರಿ. ರಾತ್ರಿಯಿಡೀ ಬಿಟ್ಟರೆ ನಲ್ಲಿಯ ಹೊಳಪು ಹೋಗಬಹುದು. ಅಮೃತಶಿಲೆಗೆ ಹನಿಯೂ ಬೀಳಬಾರದು: ಆ ಕಲ್ಲು ಮತ್ತು ಬಿಳಿ ಕರೆ ಎರಡರಲ್ಲೂ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲ ಎರಡನ್ನೂ ತಿನ್ನುತ್ತದೆ. ಅಡುಗೆ ಸೋಡಾಕ್ಕೆ ವಿನಿಗರ್ ಸುರಿದು ನೊರೆ ಬರಿಸುವವರು ಬಹಳ. ಅಲ್ಲಿ ಆಮ್ಲ, ಕ್ಷಾರ ಒಂದನ್ನೊಂದು ಮುಗಿಸಿಬಿಡುತ್ತವೆ. ನೊರೆ ಇಳಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರಷ್ಟೇ.

ಬ್ಲೀಚ್ ದಿನವೂ ಬೇಕಿಲ್ಲ. ಮನೆಯಲ್ಲಿ ಯಾರಿಗಾದರೂ ವಾಂತಿ-ಭೇದಿ ಆದಾಗ ಶೌಚಾಲಯಕ್ಕೆ ಬಳಸಿ. ಬಾಟಲಿಯಲ್ಲಿ ಶೇ 5 ಎಂದಿದ್ದರೆ 1 ಲೀಟರ್ ತಣ್ಣೀರಿಗೆ 20 ಮಿ.ಲೀ. ಸಾಕು. ಮೊದಲು ಸೋಪಿನಿಂದ ತೊಳೆಯಿರಿ, ಇಲ್ಲವಾದರೆ ಬ್ಲೀಚ್‌ನ ಶಕ್ತಿಯೆಲ್ಲ ಕೊಳೆಗೇ ಖರ್ಚಾಗಿ ರೋಗಾಣು ಉಳಿದುಬಿಡುತ್ತದೆ. ಆಮೇಲೆ ಹಚ್ಚಿ 10 ನಿಮಿಷ ಒದ್ದೆಯಾಗಿಯೇ ಬಿಡಬೇಕು. ಬೆರೆಸಿಟ್ಟದ್ದು ಮರುದಿನಕ್ಕೆ ಸತ್ವ ಕಳೆದುಕೊಳ್ಳುತ್ತದೆ, ಅಂದಂದಿಗೆ ಬೇಕಾದಷ್ಟೇ ಬೆರೆಸಿ.

ರೂಮ್ ಫ್ರೆಶ್‌ನರ್ ಕೆಟ್ಟ ವಾಸನೆಯನ್ನು ತೆಗೆಯುವುದಿಲ್ಲ, ಅದರ ಮೇಲೆ ಇನ್ನೊಂದು ವಾಸನೆ ಹೊದಿಸುತ್ತದೆ. ಲಿಂಬೆ ಪರಿಮಳದ ಲಿಮೊನೀನ್ ಗಾಳಿಯ ಓಜೋನ್ ಜತೆ ಸೇರಿದರೆ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ಹುಟ್ಟುತ್ತದೆ. ವಾಸನೆಯ ಮೂಲ ಹುಡುಕಿ ತೆಗೆಯಿರಿ. ಎದುರುಬದುರಿನ ಕಿಟಕಿ 10 ನಿಮಿಷ ತೆರೆಯಿರಿ. ಬಟ್ಟೆಯ ನಡುವಿನ ನುಸಿಗುಳಿಗೆಯಲ್ಲಿ ನ್ಯಾಫ್ತಲೀನ್ ಇರಬಹುದು. ಜಿ6ಪಿಡಿ ಎಂಬ, ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ನ್ಯಾಫ್ತಲೀನ್ ಆ ಕಣಗಳನ್ನು ಒಡೆಯುತ್ತದೆ. ನುಸಿಗೆ ಬೆವರು, ಕಲೆ ಇರುವ ಉಣ್ಣೆಯೇ ಇಷ್ಟ, ಆದ್ದರಿಂದ ಒಗೆದು ಬಿಸಿಲಿಗೆ ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಪ್ಲಾಸ್ಟಿಕ್, ಪೇಂಟ್, ಫೋಮ್‌ಗಳಿಂದ ಕಳಚಿದ ರಾಸಾಯನಿಕಗಳು ಧೂಳಿನಲ್ಲೇ ಕೂತಿರುತ್ತವೆ. ಒಣ ಪೊರಕೆ ಅವನ್ನು ಮತ್ತೆ ಗಾಳಿಗೆ ಎಬ್ಬಿಸುತ್ತದೆ. ತೆವಳುವ ಮಗುವಿದ್ದರೆ ನೆಲವನ್ನು ದಿನವೂ ಒರೆಸುವುದು ಒಳ್ಳೆಯದು.

ಬೇಡವಾದ ಹಳೆಯ ಬಾಟಲಿಗಳನ್ನು ಒಟ್ಟಿಗೆ ಚರಂಡಿಗೆ ಸುರಿಯಬೇಡಿ. ಪೈಪಿನೊಳಗೂ ಅವು ಬೆರೆಯುತ್ತವೆ. ಒಂದೊಂದಾಗಿ ಬಳಸಿ ಮುಗಿಸಿ. ಅಲ್ಲಿಯವರೆಗೆ ಲೇಬಲ್ ಇರುವ ಮೂಲ ಬಾಟಲಿಯಲ್ಲೇ, ಮಕ್ಕಳ ಕೈಗೆಟುಕದ ಎತ್ತರದಲ್ಲಿ ಇರಲಿ. ಕುಡಿಯುವ ನೀರಿನ ಬಾಟಲಿಗೆ ಎಂದೂ ತುಂಬಿಸಬೇಡಿ.