ಮುಂದೇನು ಓದಲಿ ಎಂದು ಕೇಳಿದವರಿಗೆ ಪುಸ್ತಕ ಆರಿಸಿಕೊಡುವುದು ಹೇಗೆ?

"ಯಾವುದಾದ್ರೂ ಒಳ್ಳೇ ಪುಸ್ತಕ ಇದ್ರೆ ಹೇಳಿ." ಓದುವ ಗೀಳು ಇರುವವರಿಗೆ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಕೇಳಿದ ಕೂಡಲೇ ಬಾಯಿಗೆ ಬರುವುದು ನಮಗೆ ತುಂಬ ಇಷ್ಟವಾದ ಪುಸ್ತಕದ ಹೆಸರು. ನಾವು ಎಡವುವುದೂ ಅಲ್ಲೇ.

ಒಮ್ಮೆ ನನ್ನ ಗೆಳತಿಯೊಬ್ಬಳು ಹೀಗೇ ಕೇಳಿದ್ದಳು. ಅವಳ ತಂದೆ ತೀರಿಕೊಂಡು ಒಂದು ತಿಂಗಳಾಗಿತ್ತು. ರಾತ್ರಿ ನಿದ್ದೆ ಹತ್ತುತ್ತಿಲ್ಲ, ಓದೋಕೆ ಏನಾದರೂ ಕೊಡು ಅಂದಳು. ಆಗಷ್ಟೇ ಮುಗಿಸಿದ್ದ ದಪ್ಪ ಕಾದಂಬರಿಯೊಂದರ ಗುಂಗಿನಲ್ಲಿದ್ದೆ. ಹಿಂದೆಮುಂದೆ ನೋಡದೆ ಅದನ್ನೇ ಕೊಟ್ಟೆ. ಅದರ ಎರಡನೇ ಅಧ್ಯಾಯದಲ್ಲೇ ಮಗಳೊಬ್ಬಳು ಆಸ್ಪತ್ರೆಯಲ್ಲಿ ಅಪ್ಪನ ಪಕ್ಕ ಕೂತಿರುತ್ತಾಳೆ. ಅದು ನನಗೆ ನೆನಪೇ ಆಗಲಿಲ್ಲ. ವಾರದ ಮೇಲೆ ಅವಳು ಪುಸ್ತಕ ವಾಪಸ್ ಕೊಟ್ಟಳು, ಏನೂ ಹೇಳಲಿಲ್ಲ. ಕಾದಂಬರಿ ನಿಜಕ್ಕೂ ಚೆನ್ನಾಗಿತ್ತು. ಕೊಡುವ ಮೊದಲು ಅವಳ ಹತ್ತಿರ ಎರಡು ಮಾತು ಕೇಳಬೇಕಿತ್ತು, ಅಷ್ಟೇ. ಆ ಬೇಸರ ನನ್ನಲ್ಲಿ ಇನ್ನೂ ಇದೆ.

ಗಣಿತದ ಮೇಷ್ಟ್ರಾಗಿದ್ದು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಗಳಿಗಾಗಿ ಐದು ಸೂತ್ರ ಬರೆದರು. ಅವುಗಳಲ್ಲಿ ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎನ್ನುವುದು. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುವುದು. ಎಲ್ಲರಿಗೂ ಹೊಂದುವ ಒಂದು ಶ್ರೇಷ್ಠ ಪುಸ್ತಕ ಇದೆ ಎಂದು ಅವರು ಎಲ್ಲೂ ಹೇಳಲಿಲ್ಲ. ಯಾರಾದರೂ ಪುಸ್ತಕ ಕೇಳಿದಾಗ ನಾನು ಮೊದಲು ನೆನೆಸಿಕೊಳ್ಳುವುದು ಇದನ್ನೇ.

ಮೊದಲು ಕೇಳಿ, ಹೆಸರು ಆಮೇಲೆ

"ನಿಮಗೆ ಎಂಥ ಪುಸ್ತಕ ಇಷ್ಟ?" ಎಂದು ಕೇಳಬೇಡಿ. ಈ ಪ್ರಶ್ನೆಗೆ ಜನ ತಮಗೆ ಇಷ್ಟ ಆಗಬೇಕು ಎಂದುಕೊಂಡಿರುವುದನ್ನು ಹೇಳುತ್ತಾರೆ. ಇತಿಹಾಸ ಅನ್ನುತ್ತಾರೆ, ತತ್ವಶಾಸ್ತ್ರ ಅನ್ನುತ್ತಾರೆ. ಮನೆಯಲ್ಲಿ ಓದುತ್ತಿರುವುದು ಪತ್ತೇದಾರಿ ಕಥೆ ಆಗಿರಬಹುದು. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ನಮಗೆ ಬೇಕಾದ್ದು ಆ ನಿಜವಾದ ಉತ್ತರ.

ಅದಕ್ಕೇ ಹೀಗೆ ಕೇಳಿ: "ಈಚೆಗೆ ಕೆಳಗಿಡೋಕೆ ಆಗದೆ ಓದಿದ್ದು ಯಾವುದು?" ಅವರು ಹೆಸರು ಹೇಳಿದ ಮೇಲೆ ಇನ್ನೊಂದು ಪ್ರಶ್ನೆ: "ಅದರಲ್ಲಿ ಏನು ಹಿಡಿಸ್ತು?" ಈ ಎರಡನೇ ಪ್ರಶ್ನೆಯೇ ಮುಖ್ಯ. ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಬಹುದು, ಕಾಯಿರಿ. ಪುಸ್ತಕದ ಹೆಸರೇ ನೆನಪಿಗೆ ಬಾರದಿದ್ದರೆ ಸಿನಿಮಾ ಕೇಳಿ, ಧಾರಾವಾಹಿ ಕೇಳಿ. ಅದೂ ಸಾಕು.

ಅರ್ಧಕ್ಕೆ ಬಿಟ್ಟ ಪುಸ್ತಕದ ಬಗ್ಗೆಯೂ ತಪ್ಪದೆ ಕೇಳಿ. ಇಷ್ಟವಾದದ್ದು ಯಾಕೆ ಅಂತ ಹೇಳುವುದು ಕಷ್ಟ. ಬೇಜಾರಾದದ್ದು ಯಾಕೆ ಅಂತ ಎಲ್ಲರೂ ಥಟ್ಟನೆ ಹೇಳುತ್ತಾರೆ. "ಎಷ್ಟೊಂದು ಹೆಸರುಗಳು, ಯಾರು ಯಾರ ಮಗ ಅಂತಲೇ ಗೊತ್ತಾಗಲಿಲ್ಲ" ಎಂದರೆ ನಾಲ್ಕು ತಲೆಮಾರಿನ ಕಾದಂಬರಿಯನ್ನು ಪಕ್ಕಕ್ಕಿಡಬಹುದು. ಇಂಥ ಒಂದು ಮಾತಿನಿಂದ ಕಪಾಟಿನ ಅರ್ಧ ಕೆಲಸ ಮುಗಿಯುತ್ತದೆ.

ಯಾವ ಬಾಗಿಲಿನಿಂದ ಒಳಗೆ ಹೋದರು?

ಅಮೆರಿಕದ ಸಿಯಾಟಲ್‌ನಲ್ಲಿ ಗ್ರಂಥಪಾಲಕಿಯಾಗಿದ್ದ ನ್ಯಾನ್ಸಿ ಪರ್ಲ್ ಇದನ್ನು ತುಂಬ ಸರಳವಾಗಿ ವಿವರಿಸುತ್ತಾರೆ. ಅವರ ಪ್ರಕಾರ ಪುಸ್ತಕದೊಳಗೆ ಹೋಗಲು ನಾಲ್ಕು ಬಾಗಿಲುಗಳಿವೆ: ಕಥೆ, ಪಾತ್ರ, ಪರಿಸರ, ಭಾಷೆ. ಪ್ರತಿ ಪುಸ್ತಕದಲ್ಲೂ ನಾಲ್ಕೂ ಇರುತ್ತವೆ. ಆದರೆ ಒಂದೊಂದು ಪುಸ್ತಕದಲ್ಲಿ ಒಂದೊಂದು ಬಾಗಿಲು ದೊಡ್ಡದು. ಓದುಗರೂ ಅಷ್ಟೇ, ತಮಗೆ ಅಭ್ಯಾಸವಾದ ಬಾಗಿಲನ್ನೇ ಹುಡುಕುತ್ತಾರೆ.

ಒಂದು ಪತ್ತೇದಾರಿ ಕಾದಂಬರಿಯನ್ನು ಮೂರು ಜನ ಓದಿದರು ಅಂದುಕೊಳ್ಳಿ. ಮೂವರಿಗೂ ಇಷ್ಟವಾಯಿತು. "ಕೊನೇ ಪುಟದವರೆಗೂ ಕೊಲೆಗಾರ ಯಾರು ಅಂತ ಗೊತ್ತಾಗಲಿಲ್ಲ" ಎಂದವರು ಕಥೆಯ ಬಾಗಿಲಿನವರು. "ಆ ಮುದುಕ ಪತ್ತೇದಾರ ಎಷ್ಟು ಒಂಟಿ, ಅಲ್ವಾ?" ಎಂದವರಿಗೆ ಬೇಕಾದ್ದು ಪಾತ್ರ. "ಓದ್ತಾ ಓದ್ತಾ ಆ ಬಂದರಿನ ಊರಲ್ಲೇ ಇದ್ದೆ ಅನ್ನಿಸ್ತು" ಎಂದವರು ಪರಿಸರದವರು. ಮೂವರಿಗೂ ಇನ್ನೊಂದು ಪತ್ತೇದಾರಿಯನ್ನೇ ಕೊಟ್ಟರೆ ಮೊದಲನೆಯವರು ಮಾತ್ರ ಖುಷಿಪಡಬಹುದು. ಎರಡನೆಯವರಿಗೆ ಒಂಟಿ ಮನುಷ್ಯನೊಬ್ಬನ ಆತ್ಮಕಥೆ ಇನ್ನೂ ಹಿಡಿಸೀತು. ಮೂರನೆಯವರಿಗೆ ಒಳ್ಳೆಯ ಪ್ರವಾಸ ಕಥನ ಸಾಕು. ಭಾಷೆಯ ಬಾಗಿಲಿನವರು ಕಡಿಮೆ, ಆದರೆ ಅವರನ್ನು ಗುರುತಿಸುವುದು ಸುಲಭ. ಅವರು ಪುಸ್ತಕದ ಸಾಲುಗಳನ್ನೇ ಎತ್ತಿ ಹೇಳುತ್ತಾರೆ.

ಅಂಗಡಿಗಳೂ ಆ್ಯಪ್‌ಗಳೂ ಪುಸ್ತಕಗಳನ್ನು ಪ್ರಕಾರದ ಮೇಲೆ ಜೋಡಿಸಿಡುತ್ತವೆ. ಈ ಬಾಗಿಲಿನ ಲೆಕ್ಕ ಆ ಗೋಡೆಗಳನ್ನು ದಾಟಿಸುತ್ತದೆ. ಕಾದಂಬರಿ ಬಿಟ್ಟು ಬೇರೇನೂ ಮುಟ್ಟದವರು ವಿಜ್ಞಾನದ ಪುಸ್ತಕವೊಂದನ್ನು ಒಂದೇ ಉಸಿರಿಗೆ ಓದಿ ಮುಗಿಸಿದ್ದನ್ನು ನಾನು ನೋಡಿದ್ದೇನೆ. ಅದರಲ್ಲಿ ಒಂದು ರೋಗದ ಮೂಲ ಹುಡುಕುವ ಕಥೆ ಇತ್ತು.

ಈಗ ಅವರು ಹೇಗಿದ್ದಾರೆ?

ಅಭಿರುಚಿ ಗೊತ್ತಾದರೂ ಸಾಲದು. ಅದೇ ಮನುಷ್ಯನಿಗೆ ಪರೀಕ್ಷೆ ಮುಗಿದ ವಾರ ಬೇಕಾಗುವ ಪುಸ್ತಕ ಬೇರೆ, ಮಗು ಹುಟ್ಟಿದ ತಿಂಗಳು ಬೇಕಾಗುವುದು ಬೇರೆ. ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ, ಎಲ್ಲಿ ಓದುತ್ತಾರೆ, ಮನಸ್ಸು ಯಾವುದನ್ನು ತಡೆದುಕೊಳ್ಳುತ್ತದೆ ಎಂದು ತಿಳಿದುಕೊಳ್ಳಿ. ಹದಿನೈದು ನಿಮಿಷದ ಬಿಡುವಿನಲ್ಲಿ ಓದುವವರಿಗೆ ಸಣ್ಣಕಥೆ, ಪ್ರಬಂಧ, ಚಿಕ್ಕ ಅಧ್ಯಾಯಗಳ ಪುಸ್ತಕ ಸರಿ. ಕಣ್ಣು ಆಯಾಸವಾಗುತ್ತದೆ ಎನ್ನುವವರಿಗೆ ದೊಡ್ಡ ಅಕ್ಷರದ ಮುದ್ರಣವನ್ನೋ ಆಡಿಯೊ ಪುಸ್ತಕವನ್ನೋ ಹುಡುಕಿ. ಕೇಳುವುದೂ ಓದೇ.

ಇದೇ ಹೊತ್ತಿಗೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: "ಸದ್ಯಕ್ಕೆ ಯಾವುದು ಬೇಡ?" ಸಾವು, ಕಾಯಿಲೆ, ಹಿಂಸೆ, ಮಕ್ಕಳಿಗೆ ಆಗುವ ನೋವು, ಹೀಗೆ ಒಬ್ಬೊಬ್ಬರಿಗೆ ಒಂದೊಂದು. ಕಾರಣ ಕೇಳಬೇಕಿಲ್ಲ. ಕೆಲವು ತಿಂಗಳ ನಂತರ ಆ ಗೆಳತಿಗೆ ಈ ಪ್ರಶ್ನೆ ಕೇಳಿದೆ. "ಯಾರೂ ಸಾಯಬಾರದು, ಬೇಗ ಮುಗೀಬೇಕು" ಅಂದಳು. ತೋಟದ ಗಿಡಗಳ ಬಗ್ಗೆ ಬರೆದ ತೆಳುವಾದ ಪ್ರಬಂಧ ಸಂಕಲನವೊಂದನ್ನು ಕೊಟ್ಟೆ. ದಿನಕ್ಕೊಂದು ಪ್ರಬಂಧ ಓದಿ ಮಲಗುತ್ತಿದ್ದೇನೆ ಎಂದು ಆಮೇಲೆ ಹೇಳಿದಳು.

ಪುಸ್ತಕದ ವೇಗವೂ ಇಲ್ಲೇ ಲೆಕ್ಕಕ್ಕೆ ಬರುತ್ತದೆ. ಗ್ರಂಥಪಾಲಕಿ ಜಾಯ್ಸ್ ಸ್ಯಾರಿಕ್ಸ್ 1989ರಲ್ಲಿ ನ್ಯಾನ್ಸಿ ಬ್ರೌನ್ ಜೊತೆ ಇದೇ ಕೆಲಸದ ಬಗ್ಗೆ ಒಂದು ಕೈಪಿಡಿ ಬರೆದರು. ಪುಸ್ತಕ ಯಾಕೆ ಸೆಳೆಯುತ್ತದೆ ಎಂದು ಹೇಳುವಾಗ ಅವರು ಮುಖ್ಯವಾಗಿ ಎಣಿಸಿದವುಗಳಲ್ಲಿ ವೇಗವೂ ಒಂದು. ಗೊತ್ತಿಲ್ಲದ ಪುಸ್ತಕದ ವೇಗ ತಿಳಿಯಲು ನಾನು ನಡುವಿನ ಒಂದೆರಡು ಪುಟ ತೆರೆದು ನೋಡುತ್ತೇನೆ. ಮಾತುಕತೆ ಜಾಸ್ತಿ, ಪ್ಯಾರಾ ಚಿಕ್ಕದು ಎಂದರೆ ಸಾಮಾನ್ಯವಾಗಿ ಬೇಗ ಓಡುತ್ತದೆ. ಪುಟ ತುಂಬ ಒಂದೇ ಪ್ಯಾರಾ ಇದ್ದರೆ ನಿಧಾನ.

ಎರಡು ಅಥವಾ ಮೂರು, ಅಷ್ಟೇ ಸಾಕು

ಇಪ್ಪತ್ತು ಹೆಸರಿನ ಪಟ್ಟಿ ಕಳಿಸಿದರೆ ಯಾರೂ ಒಂದನ್ನೂ ಓದುವುದಿಲ್ಲ. ಓದುಗನ ಸಮಯ ಉಳಿಸಿ ಎನ್ನುವುದು ರಂಗನಾಥನ್ ಅವರ ನಾಲ್ಕನೇ ಸೂತ್ರ. ಪಟ್ಟಿ ಕೊಟ್ಟು ಕೈತೊಳೆದುಕೊಂಡರೆ ಆರಿಸುವ ಕಷ್ಟ ಮತ್ತೆ ಅವರ ತಲೆಯ ಮೇಲೇ ಬೀಳುತ್ತದೆ. ಅವರು ಈಗಾಗಲೇ ಮೆಚ್ಚಿದ್ದಕ್ಕೆ ತೀರ ಹತ್ತಿರದ್ದು ಒಂದು ಹೇಳಿ. ಅದೇ ಬಾಗಿಲು, ಆದರೆ ಬೇರೆ ಪ್ರಕಾರದ್ದು ಇನ್ನೊಂದು. ಧೈರ್ಯವಿದ್ದರೆ ಅವರು ತಾವಾಗಿ ಎಂದೂ ಎತ್ತಿಕೊಳ್ಳದಂಥದ್ದು ಮೂರನೆಯದು.

ಹೇಳುವ ಮೊದಲು ಪುಸ್ತಕ ಸಿಗುತ್ತದೆಯೇ ನೋಡಿ. ಮುದ್ರಣ ನಿಂತುಹೋದ ಪುಸ್ತಕದ ಆಸೆ ಹುಟ್ಟಿಸಿ ಬಿಡುವುದು ಸರಿಯಲ್ಲ. ಸರಣಿಯಾದರೆ ಯಾವುದರಿಂದ ಶುರು ಮಾಡಬೇಕು ಎಂದು ತಿಳಿಸಿ. ಅನುವಾದವಾದರೆ ಅನುವಾದಕರ ಹೆಸರನ್ನೂ ಹೇಳಿ. ಒಂದೇ ಕೃತಿಗೆ ಎರಡು ಮೂರು ಅನುವಾದಗಳಿದ್ದರೆ ಅವುಗಳ ನಡುವೆ ತುಂಬ ವ್ಯತ್ಯಾಸ ಇರಬಹುದು. ನೀವೇ ಓದಿರದ ಪುಸ್ತಕವಾದರೆ ಅದನ್ನೂ ಹೇಳಿಬಿಡಿ.

ಹೇಗೆ ಹೇಳಬೇಕು ಎನ್ನುವುದು ಇನ್ನೊಂದು. ಕಥೆ ಹೇಳಬೇಡಿ. ಓದುವಾಗ ಏನಾಗುತ್ತದೆ ಎಂದು ಹೇಳಿ, ಮತ್ತು ಅವರಿಗೇ ಯಾಕೆ ಹೇಳುತ್ತಿದ್ದೀರಿ ಎಂದು ತಿಳಿಸಿ. "ನೀವು ಆ ಒಂಟಿ ಪತ್ತೇದಾರನ ಬಗ್ಗೆ ಹೇಳಿದ್ರಲ್ಲ, ಇದರಲ್ಲೂ ಅಂಥ ಒಬ್ಬರಿದ್ದಾರೆ. ಮೊದಲ ನಲವತ್ತು ಪುಟ ನಿಧಾನ. ಆಮೇಲೆ ನಿಲ್ಲಲ್ಲ." ಇಷ್ಟೇ ಸಾಕು. ನಿಧಾನ ಎನ್ನುವುದನ್ನು ಮುಚ್ಚಿಡಬೇಡಿ. ಮೊದಲೇ ಗೊತ್ತಿದ್ದರೆ ಜನ ತಾಳ್ಮೆಯಿಂದ ಓದುತ್ತಾರೆ. "ಓದಲೇಬೇಕು", "ಇದು ಓದದವರು ಓದುಗರೇ ಅಲ್ಲ" ಎನ್ನುವಂಥ ಮಾತು ಮಾತ್ರ ದಯವಿಟ್ಟು ಬೇಡ. ಇಂಥ ಮಾತು ಕೇಳಿ ಓದುವುದನ್ನೇ ಬಿಟ್ಟವರು ಇದ್ದಾರೆ.

ಮಕ್ಕಳು ಕೇಳಿದಾಗ

ಮಕ್ಕಳಿಗೆ ಹೇಳುವಾಗ ವಯಸ್ಸಿನ ಲೆಕ್ಕಕ್ಕಿಂತ ಅವರ ಆಸೆ ದೊಡ್ಡದು. ಡೈನೊಸಾರ್ ಹುಚ್ಚಿರುವ ಮಗು ತನ್ನ ತರಗತಿಗೆ ಮೀರಿದ ಪುಸ್ತಕವನ್ನೂ ತಡಕಾಡಿ ಓದುತ್ತದೆ. ಮಕ್ಕಳ ಸಾಹಿತ್ಯದ ವಿದ್ವಾಂಸೆ ರೂಡಿನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದ ಒಂದು ಮಾತು ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಪುಸ್ತಕ ಕೆಲವೊಮ್ಮೆ ಕನ್ನಡಿ, ಕೆಲವೊಮ್ಮೆ ಕಿಟಕಿ, ಕೆಲವೊಮ್ಮೆ ಸರಿಸಿ ಒಳಹೋಗಬಹುದಾದ ಗಾಜಿನ ಬಾಗಿಲು ಎಂದರು ಅವರು. ಮಗು ತನ್ನಂಥವರನ್ನು ಕಾಣುವ ಪುಸ್ತಕವೂ ಬೇಕು, ತನ್ನಂತಿಲ್ಲದವರನ್ನು ಕಾಣುವ ಪುಸ್ತಕವೂ ಬೇಕು. ಚಿತ್ರಕಥೆ ಓದಿದರೆ ಓದಲಿ, ಓದಿದ್ದನ್ನೇ ಹತ್ತು ಸಲ ಓದಿದರೂ ಓದಲಿ.

ಕೊಟ್ಟ ಮೇಲೆ ಬೆನ್ನು ಹತ್ತಬೇಡಿ

"ಎಲ್ಲಿಗೆ ಬಂತು? ಆ ಭಾಗ ಬಂತಾ?" ಎಂದು ದಿನಾ ಕೇಳಿದರೆ ಓದು ಹೋಂವರ್ಕ್ ಆಗಿಬಿಡುತ್ತದೆ. ಬಿಟ್ಟುಬಿಡಲು ಅವರಿಗೆ ಮೊದಲೇ ಅನುಮತಿ ಕೊಡಿ. ನ್ಯಾನ್ಸಿ ಪರ್ಲ್ ಇದಕ್ಕೂ ಒಂದು ಲೆಕ್ಕ ಹೇಳಿದ್ದಾರೆ. ಐವತ್ತು ಪುಟ ಓದಿ ನೋಡಿ, ಹಿಡಿಸದಿದ್ದರೆ ಬಿಡಿ. ವಯಸ್ಸು ಐವತ್ತು ದಾಟಿದ್ದರೆ ನೂರರಲ್ಲಿ ನಿಮ್ಮ ವಯಸ್ಸು ಕಳೆಯಿರಿ, ಉಳಿದಷ್ಟು ಪುಟ ಓದಿದರೆ ಸಾಕು. ಎಪ್ಪತ್ತರವರಿಗೆ ಮೂವತ್ತೇ ಪುಟ. ಫ್ರೆಂಚ್ ಲೇಖಕ ಡೇನಿಯಲ್ ಪೆನ್ನಾಕ್ 1992ರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದರು. ಪುಟ ಹಾರಿಸುವ ಹಕ್ಕು, ಮುಗಿಸದೆ ಬಿಡುವ ಹಕ್ಕು, ಓದದೇ ಇರುವ ಹಕ್ಕು ಮೂರೂ ಅದರಲ್ಲಿವೆ.

ಅವರು ಬಿಟ್ಟರೆ ಬೇಸರ ಮಾಡಿಕೊಳ್ಳಬೇಡಿ. "ಎಲ್ಲಿ ಬಿಟ್ರಿ?" ಎಂದು ಒಂದು ಸಲ ಕೇಳಿ. ಮುಂದಿನ ಪುಸ್ತಕ ಆರಿಸಲು ಅದಕ್ಕಿಂತ ಒಳ್ಳೆಯ ಸುಳಿವು ಸಿಗುವುದಿಲ್ಲ. ನಾನು ಇದಕ್ಕೆಂದೇ ಒಂದು ಚಿಕ್ಕ ನೋಟ್‌ಬುಕ್ ಇಟ್ಟಿದ್ದೇನೆ. ಓದಿದ ಪ್ರತಿ ಪುಸ್ತಕಕ್ಕೂ ಮೂರು ಸಾಲು: ಯಾವ ಬಾಗಿಲು ದೊಡ್ಡದು, ವೇಗ ಎಷ್ಟು, ಯಾರಿಗೆ ನೋವಾಗಬಹುದು. ಮೂರನೇ ಸಾಲು ಬರೆಯುವಾಗ ನಾನು ಪುಸ್ತಕವನ್ನು ಇನ್ನೊಮ್ಮೆ ಮೊದಲಿನಿಂದ ತಿರುವಿ ಹಾಕುತ್ತೇನೆ.