ಎದ್ದು ನಿಂತ ಕೂಡಲೇ ಇಂಗ್ಲಿಷ್ ಮರೆತುಹೋಗುತ್ತದೆಯೇ?

ರೋಲ್ ನಂಬರ್ ಪ್ರಕಾರ ಒಬ್ಬೊಬ್ಬರೇ ಎದ್ದು ಇಂಗ್ಲಿಷಿನಲ್ಲಿ ಉತ್ತರ ಹೇಳಬೇಕು. ಹಿಂದಿನ ಬೆಂಚಿನಲ್ಲಿ ಕೂತವರು ತಮ್ಮ ಸರದಿ ಎಷ್ಟನೆಯದೆಂದು ಎಣಿಸಿ, ತಮ್ಮ ಪಾಲಿಗೆ ಬರುವ ಪ್ರಶ್ನೆಯನ್ನಷ್ಟೇ ಒಳಗೊಳಗೇ ಗಟ್ಟಿ ಮಾಡುತ್ತಿರುತ್ತಾರೆ. ಉಳಿದವರು ಹೇಳಿದ್ದು ಕಿವಿಗೇ ಬೀಳುವುದಿಲ್ಲ. ಸರದಿ ಬಂದಾಗ ಗೊತ್ತಿದ್ದ ಪದವೂ ಮಾಯ. ಕೂತ ಮರುಕ್ಷಣ ನೆನಪಾಗುತ್ತದೆ!

ಈ ಅಳುಕನ್ನು ಅಳೆಯಲೆಂದೇ ಭಾಷಾ ಕಲಿಕೆಯ ಸಂಶೋಧಕಿ ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲಿ 33 ಹೇಳಿಕೆಗಳ ಮಾಪಕವೊಂದನ್ನು ಪ್ರಕಟಿಸಿದರು. ಅವರು ಗುರುತಿಸಿದ ಎಳೆಗಳು ಮೂರು: ಮಾತಾಡುವ ಸಂಕೋಚ, ಪರೀಕ್ಷೆಯ ಭಯ, ನಾಲ್ಕು ಜನ ಏನಂದುಕೊಂಡಾರು ಎಂಬ ಚಿಂತೆ. ಪದ ಹುಡುಕಿ ವಾಕ್ಯ ಕಟ್ಟಲು ತಲೆಯಲ್ಲಿರುವ ಜಾಗ ಕಿರಿದು. ಚಿಂತೆ ಬಂದು ಕೂರುವುದೂ ಅಲ್ಲೇ. ‘ಹೆದರಬೇಡ’ ಎಂದರೆ ಅದು ಎದ್ದುಹೋಗುವುದಿಲ್ಲ. ಆ ಹೊತ್ತಿನಲ್ಲಿ ತಲೆಯ ಮೇಲಿನ ಬೇರೆ ಹೊರೆ ಇಳಿಸಬಹುದು.

ಹೆಜ್ಜೆ 1: ಒಂದು ವಾರ ಗಮನಿಸಿ. ನಾಲಗೆ ತಡವರಿಸಿದ್ದು ಎಲ್ಲಿ, ಯಾರ ಮುಂದೆ ಎಂದು ಬರೆದಿಡಿ. ಗೆಳೆಯರ ಜೊತೆ ಸಲೀಸಾಗಿ ಮಾತಾಡಿ ಬೋರ್ಡಿನ ಮುಂದೆ ಮಾತ್ರ ತೊದಲುವವರು ಮತ್ತೊಂದು ಗ್ರಾಮರ್ ಪುಸ್ತಕ ಕೊಳ್ಳಬೇಕಾಗಿಲ್ಲ.

ಹೆಜ್ಜೆ 2: ಮೊದಲ ವಾಕ್ಯ ನಾಲಗೆಯ ತುದಿಯಲ್ಲಿರಲಿ. ‘ಐ ಥಿಂಕ್ ದ ಮೇನ್ ರೀಸನ್ ಈಸ್...’ ಎಂದು ಶುರು ಮಾಡುವಷ್ಟರಲ್ಲಿ ಮುಂದಿನದು ಹೊಳೆಯುತ್ತದೆ. ಸಿಕ್ಕಿಕೊಂಡರೆ ‘ಲೆಟ್ ಮಿ ಥಿಂಕ್’ ಎನ್ನಿ. ಇಂಗ್ಲಿಷನ್ನೇ ಮನೆಮಾತಾಗಿ ಆಡುವವರೂ ಹಾಗೇ ಸಮಯ ಗಿಟ್ಟಿಸುತ್ತಾರೆ. ಇಡೀ ಭಾಷಣವನ್ನು ಮಾತ್ರ ಉರು ಹೊಡೆಯಬೇಡಿ. ನಡುವೆ ಒಂದು ಸಾಲು ತಪ್ಪಿದರೆ ಉಳಿದದ್ದೆಲ್ಲ ಕುಸಿಯುತ್ತದೆ. ಒಂದು ಚೀಟಿಯಲ್ಲಿ ಐದಾರು ಪದ ಗುರುತು ಹಾಕಿಕೊಂಡರೆ ಸಾಕು.

ಹೆಜ್ಜೆ 3: ಒಂದೇ ಮಾತನ್ನು ಮೂರು ಸಲ ಹೇಳಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯುಕ್ತವಾದದ್ದು ಇದೇ. ಭಾಷಾ ಬೋಧಕರು ಇದನ್ನು 4-3-2 ಎನ್ನುತ್ತಾರೆ. ಗೊತ್ತಿರುವ ಒಂದು ವಿಷಯ ಆರಿಸಿಕೊಂಡು ಒಬ್ಬರಿಗೆ 4 ನಿಮಿಷ ಹೇಳಿ. ಅದನ್ನೇ ಎರಡನೆಯವರಿಗೆ 3 ನಿಮಿಷದಲ್ಲಿ, ಮೂರನೆಯವರಿಗೆ 2 ನಿಮಿಷದಲ್ಲಿ. ಕೇಳುವವರು ಬದಲಾಗಲೇಬೇಕು, ಇಲ್ಲದಿದ್ದರೆ ಹೇಳಿದ್ದನ್ನೇ ಹೇಳಲು ನಿಮಗೇ ಮುಜುಗರ. ಮೊದಲ ಸುತ್ತಿನಲ್ಲಿ ‘ಅಂ... ಬಿಕಾಸ್... ಅಂ...’ ಎಂದು ನಿಂತ ಜಾಗವನ್ನು ಮೂರನೇ ಸುತ್ತಿನಲ್ಲಿ ದಾಟಿಬಿಡುತ್ತೀರಿ. ಏನು ಹೇಳಬೇಕೆಂಬುದು ಆಗಲೇ ಇತ್ಯರ್ಥವಾಗಿರುವುದರಿಂದ ಗಮನವೆಲ್ಲ ಹೇಗೆ ಹೇಳಬೇಕೆಂಬುದರ ಮೇಲೆ. ಕೇಳುವವರಿಗೆ ಒಂದೇ ಷರತ್ತು: ತಪ್ಪು ತಿದ್ದಬಾರದು.

ಹೆಜ್ಜೆ 4: ವಾರಕ್ಕೆ ಒಂದೇ ತಪ್ಪು ಹಿಡಿಯಿರಿ. ಈ ವಾರ ‘ಹೀ ಗೋ’ ಅನ್ನು ‘ಹೀ ಗೋಸ್’ ಮಾಡುವುದಿದ್ದರೆ ಅಷ್ಟೇ. ಅದನ್ನೂ ಮಾತು ಮುಗಿದ ಮೇಲೆ ನೋಡಿಕೊಳ್ಳಿ.

ತರಗತಿಯ ಯೋಚನೆಗೇ ನಿದ್ದೆ, ಊಟ ಕೆಡುತ್ತಿದ್ದರೆ ಈ ಉಪಾಯಗಳು ಸಾಲವು, ಆಪ್ತಸಮಾಲೋಚಕರನ್ನು ಕಾಣಿ.

ಮೇಷ್ಟ್ರುಗಳಿಗೂ ಒಂದು ಮಾತು. ವಿಜ್ಞಾನ ತರಗತಿಗಳನ್ನು ಗಮನಿಸಿದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಕಂಡುಕೊಂಡಂತೆ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುತ್ತಿದ್ದದ್ದು 1 ಸೆಕೆಂಡಿನಷ್ಟು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು. ಪರಭಾಷೆಯಲ್ಲಿ ಉತ್ತರ ಕಟ್ಟುವವರಿಗೆ ಇನ್ನೂ ಸ್ವಲ್ಪ ಹೆಚ್ಚೇ ಬೇಕು. ಪ್ರಶ್ನೆ ಹಾಕಿ, ಪಕ್ಕದವರ ಜೊತೆ ಅರೆ ನಿಮಿಷ ಮಾತಾಡಲು ಬಿಟ್ಟು, ಆಮೇಲೆ ಹೆಸರು ಕರೆಯಿರಿ. ರೋಲ್ ನಂಬರಿನ ಸರದಿ ಹಾಜರಿಗಷ್ಟೇ ಇರಲಿ.