ಸರ್ವರ್ ಅಪ್‌ಗ್ರೇಡ್ ಮಾಡಿದ ರಾತ್ರಿ ಕನ್ನಡ ಮಾಯವಾದದ್ದು

ಮೊಬೈಲಿನಲ್ಲಿ ಪತ್ರಿಕೆಯ ಮುಖಪುಟ ತೆರೆದುಕೊಂಡಿತು. ಚಿತ್ರಗಳು ಬಂದವು. ಮೇಲಿನ ಪಟ್ಟಿಯಲ್ಲಿ ‘ಹಳೆಯ ಸಂಚಿಕೆಗಳು’, ‘ಸಂಪರ್ಕ’ ಎಲ್ಲ ಸರಿಯಾಗಿತ್ತು. ಕೆಳಗೆ ಲೇಖನಗಳು ಇರಬೇಕಾದ ಕಡೆ ಮಾತ್ರ ಕನ್ನಡವೇ ಇರಲಿಲ್ಲ. ‘ಕ’ ಇರಬೇಕಾದ ಜಾಗದಲ್ಲಿ ತಲೆ ಮೇಲೆ ಗೀಟು ಇರುವ ಇಂಗ್ಲಿಷ್ ‘ಎ’, ಅದರ ಪಕ್ಕ ಮೇಲಕ್ಕೆ ಏರಿಸಿದ ಪುಟ್ಟ ‘2’, ಆಮೇಲೆ ಒಂದು ಕಪ್ಪು ಚುಕ್ಕೆ. ಹನ್ನೆರಡು ವರ್ಷದ ಕಥೆ, ಕವನ, ಲೇಖನ ಎಲ್ಲವೂ ಹೀಗೇ. ಶನಿವಾರ ಕಳೆದು ಭಾನುವಾರದ ಬೆಳಗಿನ ಜಾವ ಒಂದೂವರೆ ಗಂಟೆ. ನನ್ನ ಕೈ ತಣ್ಣಗಾಯಿತು.

ಇದು ನಮ್ಮ ಊರಿನ ಒಂದು ಸಣ್ಣ ಸಾಹಿತ್ಯ ಪತ್ರಿಕೆಯ ಸೈಟು. ಸಂಪಾದಕರು ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರು. ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. 2011ರಲ್ಲಿ ಶೇರ್ಡ್ ಹೋಸ್ಟಿಂಗ್‌ನಲ್ಲಿ (ಹಲವು ಸೈಟುಗಳು ಒಂದೇ ಸರ್ವರ್ ಹಂಚಿಕೊಳ್ಳುವ ಕಡೆ) ಶುರುವಾದ ಸೈಟನ್ನು 2018ರಲ್ಲಿ ಒಂದು ವರ್ಚುವಲ್ ಸರ್ವರಿಗೆ ತಂದಿದ್ದೆ. ಆಪರೇಟಿಂಗ್ ಸಿಸ್ಟಂ ಉಬುಂಟು 18.04, ಲೇಖನಗಳನ್ನು ಇಡುವ ಡೇಟಾಬೇಸ್ ಮೈಎಸ್‌ಕ್ಯೂಎಲ್ 5.7, ಪುಟ ಕಟ್ಟುವ ಭಾಷೆ ಪಿಎಚ್‌ಪಿ 7.2. ಐದು ವರ್ಷ ದೊಡ್ಡ ತೊಂದರೆ ಏನೂ ಇರಲಿಲ್ಲ. 2023ರ ಮೇ ತಿಂಗಳಿಗೆ 18.04ರ ಸಾಮಾನ್ಯ ಸೆಕ್ಯೂರಿಟಿ ಅಪ್‌ಡೇಟ್ ನಿಲ್ಲುತ್ತಿತ್ತು. ಹಾಗಾಗಿ 20.04ಕ್ಕೆ ಹೋಗಲೇಬೇಕಾಯಿತು.

ಅಪ್‌ಗ್ರೇಡ್ ನಡೆದ ಬಗ್ಗೆ ಹೇಳುವುದು ಕಡಿಮೆ. ಮೊದಲು ಸರ್ವರಿನ ಸ್ನ್ಯಾಪ್‌ಶಾಟ್, ಅಂದರೆ ಇಡೀ ಸ್ಥಿತಿಯ ನಕಲು, ತೆಗೆದೆ, ಡೇಟಾಬೇಸಿನ ಡಂಪ್ (ಪೂರ್ತಿ ಪ್ರತಿ) ಬೇರೆ ತೆಗೆದು ಮನೆಯ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ದೂರದಿಂದ ಸರ್ವರಿನೊಳಗೆ ಹೋಗುವ ಎಸ್‌ಎಸ್‌ಎಚ್ ಮೂಲಕ ಅಪ್‌ಗ್ರೇಡ್ ಶುರು ಮಾಡಿದರೆ ಉಬುಂಟು 1022ನೇ ಪೋರ್ಟಿನಲ್ಲಿ ಇನ್ನೊಂದು ಎಸ್‌ಎಸ್‌ಎಚ್ ಬಾಗಿಲು ತೆಗೆದಿಡುತ್ತದೆ, ನಡುವೆ ಸಂಪರ್ಕ ಕಡಿದರೆ ಒಳಗೆ ಹೋಗಲಿ ಅಂತ. ಫೈರ್‌ವಾಲಿನಲ್ಲಿ ಆ ಪೋರ್ಟನ್ನು ನಾವೇ ತೆರೆಯಬೇಕು, ಅದನ್ನು ಮಾಡಿಕೊಂಡಿದ್ದೆ. ರೀಬೂಟ್ ಆದ ಮೇಲೆ ಸೈಟಿನಲ್ಲಿ 502 ಎರರ್ ಬಂತು. ಇದು ನಿರೀಕ್ಷಿತವೇ. ಪುಟಗಳನ್ನು ಬ್ರೌಸರಿಗೆ ಕೊಡುವ ಎನ್‌ಜಿನ್‌ಎಕ್ಸ್ ಇನ್ನೂ ಪಿಎಚ್‌ಪಿ 7.2ರ ಸಾಕೆಟ್ (ಸಂಪರ್ಕದ ಕೊಂಡಿ) ಹುಡುಕುತ್ತಿತ್ತು, ಅಲ್ಲಿ ಇದ್ದದ್ದು 7.4. ಕಾನ್ಫಿಗ್‌ನಲ್ಲಿ ಒಂದು ಸಾಲು ಬದಲಾಯಿಸಿ ರೀಲೋಡ್ ಮಾಡಿದೆ. ಮುಗೀತು ಅಂದುಕೊಂಡು ಮೊಬೈಲ್ ತೆಗೆದು ನೋಡಿದಾಗಲೇ ಕಂಡದ್ದು ಈ ಅವತಾರ.

ತಕ್ಷಣ ಸ್ನ್ಯಾಪ್‌ಶಾಟಿಗೆ ವಾಪಸ್ ಹೋಗಿಬಿಡೋಣ ಅನ್ನಿಸಿತು. ಬೆರಳು ಆ ಬಟನ್ ಹತ್ತಿರವೇ ಇತ್ತು. ಆದರೆ ವಾಪಸ್ ಹೋದರೆ ಮತ್ತೆ ಇದೇ ದಾರಿಯಲ್ಲಿ ಬರಬೇಕು, ಇದೇ ಕಲ್ಲು ಎಡವಬೇಕು, ಅಲ್ವಾ? ಸ್ನ್ಯಾಪ್‌ಶಾಟ್ ಎಲ್ಲಿಗೂ ಹೋಗುವುದಿಲ್ಲ. ಮೊದಲು ಏನಾಗಿದೆ ಅಂತ ನೋಡೋಣ, ಡೇಟಾಬೇಸಿನಲ್ಲಿ ಒಂದಕ್ಷರವನ್ನೂ ಮುಟ್ಟುವುದು ಬೇಡ ಅಂತ ನಿರ್ಧರಿಸಿದೆ. ಮೇಷ್ಟ್ರು ಗೊತ್ತಿಲ್ಲದೆ ಏನಾದರೂ ಹಾಕಿಯಾರು ಅಂತ ಲೇಖನ ಸೇರಿಸುವ ಪುಟವನ್ನು ಮುಚ್ಚಿದೆ.

ಮೊದಲ ಸುಳಿವು ಆ ಮೇಲಿನ ಪಟ್ಟಿ. ‘ಹಳೆಯ ಸಂಚಿಕೆಗಳು’ ಅನ್ನುವುದು ಪಿಎಚ್‌ಪಿ ಫೈಲಿನಲ್ಲೇ ಬರೆದದ್ದು. ಅದು ಸರಿಯಾಗಿ ಕಾಣುತ್ತಿದೆ ಅಂದರೆ ಫಾಂಟ್ ತಪ್ಪಿಲ್ಲ, ಬ್ರೌಸರ್ ತಪ್ಪಿಲ್ಲ, ಪುಟದ ಎನ್‌ಕೋಡಿಂಗ್ (ಅಕ್ಷರವನ್ನು ಬೈಟುಗಳಾಗಿ ಬರೆಯುವ ಕ್ರಮ) ತಪ್ಪಿಲ್ಲ. ಕೆಟ್ಟಿರುವುದು ಡೇಟಾಬೇಸಿನಿಂದ ಬರುವ ಮಾತು ಮಾತ್ರ.

ಹಾಗಾದರೆ ಡೇಟಾ ಕೆಟ್ಟಿದೆಯಾ, ದಾರಿಯಲ್ಲಿ ಕೆಡುತ್ತಿದೆಯಾ? ಇದನ್ನು ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ, ಬೈಟುಗಳನ್ನೇ ನೋಡಬೇಕು. ‘ಕ’ದಿಂದ ಶುರುವಾಗುವ ಒಂದು ಶೀರ್ಷಿಕೆ ಆರಿಸಿಕೊಂಡು ಬೈಟುಗಳನ್ನು ಹಾಗೇ ತೋರಿಸುವ ಹೆಕ್ಸ್ ಫಂಕ್ಷನ್ ಹಾಕಿ ಕೇಳಿದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಜಾಗವಿರುವ ಯುಟಿಎಫ್-8ರಲ್ಲಿ ‘ಕ’ ಅಂದರೆ ಮೂರು ಬೈಟು: ಇ0, ಬಿ2, 95. ಒಂದೇ ‘ಕ’ಕ್ಕೆ ಏಳು ಬೈಟಿನ ಸರ ಬಂದಿದ್ದರೆ ಡೇಟಾ ಎರಡೆರಡು ಸಲ ಎನ್‌ಕೋಡ್ ಆಗಿ ಕೂತಿದೆ ಅಂತ ಅರ್ಥ. ಪರದೆಯ ಮೇಲೆ ಬಂದದ್ದು ಇ0, ಬಿ2, 95. ಅಷ್ಟೇ. ಆ ಮೂರು ಬೈಟು ನೋಡಿದಾಗ ಆದ ನೆಮ್ಮದಿ ಇನ್ನೂ ನೆನಪಿದೆ. ಕಥೆಗಳೆಲ್ಲ ಇದ್ದ ಹಾಗೇ ಇವೆ.

ಆ ಮೂರು ಬೈಟುಗಳನ್ನು ಯಾರೋ ಒಂದು ಅಕ್ಷರ ಅಂತ ಓದದೆ ಮೂರು ಬೇರೆ ಬೇರೆ ಅಕ್ಷರ ಅಂತ ಓದುತ್ತಿದ್ದಾರೆ. ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಇರುವ, ಒಂದು ಬೈಟಿಗೆ ಒಂದಕ್ಷರ ಎನ್ನುವ ಮೈಎಸ್‌ಕ್ಯೂಎಲ್‌ನ ಲ್ಯಾಟಿನ್1 ಪಟ್ಟಿಯಲ್ಲಿ ಇ0 ಅಂದರೆ ಗೀಟಿನ ‘ಎ’, ಬಿ2 ಅಂದರೆ ಮೇಲೆ ಏರಿದ ‘2’, 95 ಅಂದರೆ ಚುಕ್ಕೆ. ಟೇಬಲ್ಲಿನ ರಚನೆ ತೆಗೆದು ನೋಡಿದರೆ ಎಲ್ಲ ಕಾಲಮ್ಮುಗಳೂ ಲ್ಯಾಟಿನ್1. 2011ರಲ್ಲಿ ಹೋಸ್ಟಿಂಗ್‌ನಲ್ಲಿ ಏನಿತ್ತೋ ಅದೇ ಉಳಿದುಕೊಂಡು ಬಂದಿತ್ತು.

ಇಷ್ಟು ವರ್ಷ ಹಾಗಿದ್ದರೆ ಹೇಗೆ ಸರಿಯಾಗಿ ಕಾಣುತ್ತಿತ್ತು? ನಮ್ಮ ಪಿಎಚ್‌ಪಿ ಕೋಡು ಡೇಟಾಬೇಸಿಗೆ ಸೇರುವಾಗ ಯಾವ ಕ್ಯಾರೆಕ್ಟರ್ ಸೆಟ್ (ಅಕ್ಷರಪಟ್ಟಿ) ಬೇಕು ಅಂತ ಹೇಳುತ್ತಲೇ ಇರಲಿಲ್ಲ. ಹೇಳದಿದ್ದರೆ ಸರ್ವರಿನ ಡಿಫಾಲ್ಟ್ ಯಾವುದೋ ಅದನ್ನೇ ಹಿಡಿಯುತ್ತದೆ. 5.7ರಲ್ಲಿ ಆ ಡಿಫಾಲ್ಟ್ ಲ್ಯಾಟಿನ್1. ಟೇಬಲ್ ಲ್ಯಾಟಿನ್1, ಸಂಪರ್ಕವೂ ಲ್ಯಾಟಿನ್1, ಹಾಗಾಗಿ ಮೈಎಸ್‌ಕ್ಯೂಎಲ್ ಏನನ್ನೂ ಬದಲಿಸದೆ ಬೈಟುಗಳನ್ನು ಬಂದ ಹಾಗೇ ಇಟ್ಟುಕೊಂಡು, ಇದ್ದ ಹಾಗೇ ಕೊಡುತ್ತಿತ್ತು. ಬ್ರೌಸರ್ ಅದನ್ನು ಯುಟಿಎಫ್-8 ಅಂತ ಓದಿ ಕನ್ನಡ ತೋರಿಸುತ್ತಿತ್ತು. ಎರಡು ತಪ್ಪು ಸೇರಿ ಸರಿಯಾಗಿ ನಡೆಯುತ್ತಿದ್ದ ಸಂಸಾರ ಅದು. 20.04ರ ಜೊತೆ ಬಂದ ಮೈಎಸ್‌ಕ್ಯೂಎಲ್ 8.0ರಲ್ಲಿ ಡಿಫಾಲ್ಟ್ ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನಲ್ಲಿ ಪೂರ್ಣ ಯುಟಿಎಫ್-8ರ ಹೆಸರು) ಆಗಿದೆ. ಈಗ ಸಂಪರ್ಕ ಯುಟಿಎಫ್-8, ಟೇಬಲ್ ಲ್ಯಾಟಿನ್1. ಡೇಟಾಬೇಸ್ ತನ್ನ ಕರ್ತವ್ಯ ಅಂತ ಪ್ರತಿ ಬೈಟನ್ನೂ ‘ಅನುವಾದ’ ಮಾಡಿ ಕಳಿಸತೊಡಗಿತ್ತು. 2018ರಲ್ಲಿ ಪಿಎಚ್‌ಪಿಯ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್ನುಗಳನ್ನು ಹೊಸ ಮೈಎಸ್‌ಕ್ಯೂಎಲ್‌ಐಗೆ ಬದಲಾಯಿಸಿದವನು ನಾನೇ. ಆಗಲೇ ಕ್ಯಾರೆಕ್ಟರ್ ಸೆಟ್ ಹೇಳುವ ಒಂದು ಸಾಲು ಸೇರಿಸಿದ್ದರೆ ಇದು ಆಗ ಕಾಣುತ್ತಿತ್ತು.

ಖಚಿತ ಮಾಡಿಕೊಳ್ಳಲು ಟರ್ಮಿನಲ್ಲಿನಲ್ಲಿ ಸಂಪರ್ಕವನ್ನು ಲ್ಯಾಟಿನ್1 ಮಾಡುವ ‘ಸೆಟ್ ನೇಮ್ಸ್ ಲ್ಯಾಟಿನ್1’ ಆಜ್ಞೆ ಕೊಟ್ಟು ಅದೇ ಶೀರ್ಷಿಕೆ ಕೇಳಿದೆ. ಅಚ್ಚ ಕನ್ನಡ ಬಂತು. ಸರಿ, ಕೋಡಿನಲ್ಲಿ ಸಂಪರ್ಕ ಮಾಡುವ ಕಡೆ ಲ್ಯಾಟಿನ್1 ಎಂದೇ ಒಂದು ಸಾಲು ಬರೆದೆ. ಸೈಟು ಮೊದಲಿನ ಹಾಗೇ ಬಂತು. ಆಗ ಎರಡೂಕಾಲು.

ಬೆಳಿಗ್ಗೆ ಆರು ಗಂಟೆಗೆ ಮೇಷ್ಟ್ರ ಫೋನು. “ಏನಪ್ಪಾ, ಅಮೆರಿಕದಿಂದ ಒಬ್ಬರು ಫೋಟೋ ಕಳಿಸಿದ್ದಾರೆ, ಎಲ್ಲಾ ಚಿತ್ರಲಿಪಿ ಥರಾ ಕಾಣ್ತಿದೆ. ನನಗಿಲ್ಲಿ ಸರಿ ಇದೆ. ಏನದು?”

“ರಾತ್ರಿ ಸುಮಾರು ಒಂದು ಗಂಟೆ ಹೊತ್ತು ಹಾಗಾಗಿತ್ತು ಸಾರ್. ಈಗ ಸರಿ ಮಾಡಿದ್ದೀನಿ. ಆದರೆ ಇದು ತಾತ್ಕಾಲಿಕ, ಇನ್ನೊಂದು ವಾರ ಹೊಸದೇನೂ ಹಾಕಬೇಡಿ.”

“ಹಳೇದೆಲ್ಲ ಇದೆ ತಾನೇ?”

“ಎಲ್ಲಾ ಇದೆ ಸಾರ್. ನೋಡಿದೀನಿ.”

ಆ ವಾರ ನಡೆದದ್ದೇ ನಿಜವಾದ ಕೆಲಸ. ಲ್ಯಾಟಿನ್1 ಟೇಬಲ್ಲನ್ನು ಯುಟಿಎಫ್8ಎಂಬಿ4 ಮಾಡಲು ‘ಕನ್ವರ್ಟ್ ಟು’ ಅನ್ನುವ ಸುಲಭದ ಆಜ್ಞೆ ಇದೆ. ದಯವಿಟ್ಟು ಇಂಥ ಡೇಟಾ ಮೇಲೆ ಅದನ್ನು ಓಡಿಸಬೇಡಿ. ಅದು ಆ ಗೀಟಿನ ‘ಎ’ಯನ್ನು ನಿಜವಾದ ಅಕ್ಷರ ಅಂತ ನಂಬಿ, ಕೆಟ್ಟದ್ದನ್ನೇ ಕಾಯಂ ಮಾಡಿಬಿಡುತ್ತದೆ. ಸರಿಯಾದ ದಾರಿ ಎರಡು ಹೆಜ್ಜೆಯದು. ಮೊದಲು ಕಾಲಮ್ಮನ್ನು ಬೈನರಿ ಮಾಡಬೇಕು: ವಾರ್‌ಚಾರ್ ಇದ್ದದ್ದು ವಾರ್‌ಬೈನರಿ, ಟೆಕ್ಸ್ಟ್ ಇದ್ದದ್ದು ಬ್ಲಾಬ್. ಆಗ ಅದು ಬರೀ ಬೈಟು, ಯಾವ ಭಾಷೆಯೂ ಅಲ್ಲ. ಆಮೇಲೆ ಅದನ್ನು ಯುಟಿಎಫ್8ಎಂಬಿ4 ಅಂತ ವಾಪಸ್ ಅಕ್ಷರದ ಕಾಲಮ್ ಮಾಡಬೇಕು. ಪದ ಹುಡುಕಲು ಮಾಡಿಟ್ಟ ಫುಲ್‌ಟೆಕ್ಸ್ಟ್ ಇಂಡೆಕ್ಸ್ ಇದ್ದರೆ ಮೊದಲು ತೆಗೆಯಬೇಕು, ಬ್ಲಾಬ್ ಮೇಲೆ ಅದು ನಿಲ್ಲುವುದಿಲ್ಲ.

ಡೇಟಾಬೇಸಿನ ನಕಲು ಮಾಡಿ ಅದರ ಮೇಲೆ ಓಡಿಸಿದೆ. ಲೇಖನದ ಕಾಲಮ್ ಸರಾಗವಾಗಿ ಆಯಿತು. ಶೀರ್ಷಿಕೆಯದ್ದು ಆಗಲಿಲ್ಲ. 1366ನೇ ಎರರ್, ಇದು ಸರಿಯಾದ ಅಕ್ಷರ ಅಲ್ಲ ಅಂತ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಕನ್ನಡದವರಿಗೇ ಬರುವ ತೊಂದರೆ ಇದು. ಶೀರ್ಷಿಕೆಗೆ ಇದ್ದದ್ದು 255 ಅಕ್ಷರದ ಜಾಗ. ಆದರೆ ಲ್ಯಾಟಿನ್1 ಲೆಕ್ಕದಲ್ಲಿ ಅಕ್ಷರ ಅಂದರೆ ಒಂದು ಬೈಟು. ಕನ್ನಡಕ್ಕೆ ಮೂರು ಮೂರು ಬೇಕು. ಅದೂ ನಾವು ಓದುವ ಅಕ್ಷರಕ್ಕಲ್ಲ, ಒಳಗಿನ ಪ್ರತಿ ತುಂಡಿಗೂ. ‘ಲಕ್ಷ್ಮಿ’ ನಮಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಲ, ಕ, ಅರ್ಧಾಕ್ಷರದ ಚಿಹ್ನೆ, ಷ, ಮತ್ತೆ ಅದೇ ಚಿಹ್ನೆ, ಮ, ಗುಡಿಸು. ಏಳು ತುಂಡು, 21 ಬೈಟು. ಈ ಲೆಕ್ಕದಲ್ಲಿ 255 ಬೈಟು ಒಂದು ಉದ್ದ ಶೀರ್ಷಿಕೆಗೆ ಸಾಲುವುದಿಲ್ಲ. ಹಳೆಯ ಮೈಎಸ್‌ಕ್ಯೂಎಲ್ ಜಾಸ್ತಿಯಾದದ್ದನ್ನು ಸುಮ್ನೆ ಕತ್ತರಿಸಿ ಇಟ್ಟುಕೊಳ್ಳುತ್ತಿತ್ತು. ಪದಗಳ ನಡುವಿನ ಖಾಲಿ ಜಾಗಕ್ಕೆ ಒಂದೇ ಬೈಟು, ಹಾಗಾಗಿ ಮೂರರ ಲೆಕ್ಕ ತಪ್ಪಿ ಕತ್ತರಿ ಅಕ್ಷರದ ಹೊಟ್ಟೆಯಲ್ಲೇ ಬಿದ್ದಿತ್ತು.

ಹಳೆಯ ಎರಡು ದೂರುಗಳಿಗೂ ಇಲ್ಲೇ ಉತ್ತರ ಸಿಕ್ಕಿತು. ಮುಖಪುಟದಲ್ಲಿ ಲೇಖನದ ಮೊದಲ 300 ಅಕ್ಷರ ತೋರಿಸುವ ಕಡೆ, ಕೊನೆಗೆ ಆಗಾಗ ಒಂದು ಪ್ರಶ್ನೆ ಚಿಹ್ನೆಯ ಕಪ್ಪು ಚೌಕ ಬರುತ್ತಿತ್ತು. ಅದೂ ಬೈಟಿನ ಕತ್ತರಿಯೇ. ಇನ್ನೊಂದು, ಜಾಸ್ತಿಯಾದರೆ ಕತ್ತರಿಸದೆ ನಿರಾಕರಿಸುವ 5.7 ಬಂದ ಮೇಲೆ ಉದ್ದ ಶೀರ್ಷಿಕೆ ಕೊಟ್ಟರೆ ಸೇವ್ ಆಗುವುದಿಲ್ಲ ಅಂತ ಮೇಷ್ಟ್ರು ಹೇಳುತ್ತಿದ್ದರು. ‘ಸ್ವಲ್ಪ ಚಿಕ್ಕದು ಮಾಡಿ ಸಾರ್’ ಅಂತ ನಾನು ಹೇಳಿಬಿಡುತ್ತಿದ್ದೆ. ಅವರು ಬರಹಗಾರರ ಶೀರ್ಷಿಕೆಯನ್ನು ಮೊಟಕು ಮಾಡುತ್ತಿದ್ದರು. ಇದು ನನಗೆ ಈಗಲೂ ಬೇಸರದ ವಿಷಯ.

ಸರಿಯಾಗಿ 255 ಬೈಟು ಇರುವ ಶೀರ್ಷಿಕೆಗಳನ್ನು ಹುಡುಕಿದೆ. ಹನ್ನೊಂದು ಸಿಕ್ಕವು, ಏಳರಲ್ಲಿ ಕೊನೆಯ ಅಕ್ಷರ ತುಂಡಾಗಿತ್ತು. ಆ ಏಳರಲ್ಲಿ ಉಳಿದಿದ್ದ ಒಂದೋ ಎರಡೋ ಬೈಟು ತೆಗೆದ ಮೇಲೆ ಪರಿವರ್ತನೆ ಆಯಿತು. ಆಮೇಲೆ ಹಳೆಯ ಟೇಬಲ್ಲಿನ ಪ್ರತಿ ಸಾಲಿನ ಹೆಕ್ಸನ್ನು ಹೊಸದರ ಹೆಕ್ಸಿನ ಜೊತೆ ಹೋಲಿಸಿದೆ. ಬದಲಾದದ್ದು ಹಣೆಪಟ್ಟಿ ಮಾತ್ರ, ಬೈಟುಗಳು ಒಂದೂ ಬದಲಾಗಬಾರದು. ವ್ಯತ್ಯಾಸ ಬಂದದ್ದು ಆ ಏಳು ಸಾಲಿನಲ್ಲಿ ಮಾತ್ರ. ಮುಂದಿನ ಶನಿವಾರ ರಾತ್ರಿ ನಿಜವಾದ ಡೇಟಾಬೇಸಿನ ಮೇಲೆ ಇದೇ ಕ್ರಮದಲ್ಲಿ ಓಡಿಸಿ, ಕೋಡಿನಲ್ಲಿ ಲ್ಯಾಟಿನ್1 ಸಾಲು ತೆಗೆದು ಯುಟಿಎಫ್8ಎಂಬಿ4 ಬರೆದೆ. ಹತ್ತು ನಿಮಿಷದ ಕೆಲಸ.

ಉಳಿದದ್ದು ಆ ಹನ್ನೊಂದು ಶೀರ್ಷಿಕೆಗಳ ಬಾಲ. ಅದು ಯಾವ ಬ್ಯಾಕಪ್ಪಿನಲ್ಲೂ ಇರಲಿಲ್ಲ, ಡೇಟಾಬೇಸಿಗೆ ಅದು ಯಾವತ್ತೂ ಸೇರಿಯೇ ಇರಲಿಲ್ಲ. ಆದರೆ ಅಚ್ಚಾದ ಸಂಚಿಕೆಗಳು ಮೇಷ್ಟ್ರ ಮನೆಯ ಅಟ್ಟದಲ್ಲಿದ್ದವು. ಭಾನುವಾರ ಮಧ್ಯಾಹ್ನ ಫೋನು ಹಿಡಿದು ಕೂತೆವು. ಒಂದು ಪ್ರಬಂಧದ ಉದ್ದ ಶೀರ್ಷಿಕೆ ನಮ್ಮಲ್ಲಿ ಕೊನೆಗೆ ‘…ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾ’ ಅಂತ ನಿಂತಿತ್ತು.

“ಇರು, ಸಿಕ್ತು,” ಅಂದರು. ಹಾಳೆ ಮಗುಚುವ ಸದ್ದು ಕೇಳಿಸಿತು. “ಜಾತ್ರೆ. ಅದಾದ ಮೇಲೆ ಇನ್ನೂ ಇದೆ, ಬರ್ಕೋ. ಜಾತ್ರೆಯಿಂದ ಅಪ್ಪ ತಂದ ಗಾಳಿಪಟ.”

ಬರೆದು ಸೇವ್ ಕೊಟ್ಟೆ. ಪೂರ್ತಿ ಬಂತು.